ವಿಟಮಿನ್ ಡಿ ತೆಗೆದುಕೊಂಡರೆ ನೆಗಡಿ ನಿಲ್ಲುತ್ತದೆಯೇ?

ಪ್ರಶ್ನೆ: ನನಗೆ 38 ವರ್ಷ, ಬೆಂಗಳೂರಿನಲ್ಲಿ ಕಚೇರಿ ಕೆಲಸ. ವರ್ಷದಲ್ಲಿ ನಾಲ್ಕೈದು ಸಲವಾದರೂ ನೆಗಡಿ, ಗಂಟಲು ಕೆರೆತ, ಕೆಮ್ಮು ಬಂದು ವಾರಗಟ್ಟಲೆ ಕಾಡುತ್ತದೆ. ಇತ್ತೀಚಿನ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 11 ನ್ಯಾನೊಗ್ರಾಂ ಎಂದು ಬಂದಿದೆ. ವೈದ್ಯರು ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್‌ನ ಪುಡಿ ಬರೆದುಕೊಟ್ಟಿದ್ದಾರೆ. ಅದನ್ನು ನಿಲ್ಲಿಸದೆ ಮುಂದುವರಿಸಿದರೆ ಇಮ್ಯುನಿಟಿ ಹೆಚ್ಚಿ ನೆಗಡಿ ಹತ್ತಿರವೂ ಸುಳಿಯುವುದಿಲ್ಲ ಎಂದು ಪರಿಚಯದವರು ಹೇಳುತ್ತಿದ್ದಾರೆ. ಇದು ನಿಜವೇ? ಏಳು ವರ್ಷದ ಮಗಳಿಗೂ ಆಗಾಗ ಶೀತವಾಗುತ್ತದೆ, ಅವಳಿಗೂ ಇದೇ ಪುಡಿ ಕೊಡಬಹುದೇ? ಬೆಳಗಿನ ಎಳೆ ಬಿಸಿಲಿನಲ್ಲಿ ಕೂತರೆ ಸಾಕು, ಔಷಧಿಯೇ ಬೇಡ ಎನ್ನುವುದು ನಮ್ಮ ಅತ್ತೆಯವರ ಅಭಿಪ್ರಾಯ.

ಉತ್ತರ: ವೈದ್ಯರು ಬರೆದುಕೊಟ್ಟ ಎಂಟು ವಾರದ ಚಿಕಿತ್ಸೆಯನ್ನು ದಯವಿಟ್ಟು ಪೂರ್ತಿ ಮಾಡಿ. ನಿಮ್ಮ ರಕ್ತದಲ್ಲಿ ಕಂಡಿರುವುದು ನಿಜವಾದ ಕೊರತೆ, ಅದನ್ನು ಸರಿಪಡಿಸಿಕೊಳ್ಳಲು ನೆಗಡಿಯ ನೆಪ ಬೇಕಾಗಿಲ್ಲ. ಆದರೆ ಅದರಿಂದ ನೆಗಡಿ ನಿಂತುಹೋಗುತ್ತದೆ ಎಂಬ ನಿರೀಕ್ಷೆ ಬೇಡ. ಕೊರತೆ ನೀಗಿದ ಮೇಲೂ ವಾರವಾರ 60,000 ಯೂನಿಟ್ ಮುಂದುವರಿಸುವುದು ನಿಷ್ಪ್ರಯೋಜಕ, ಕೆಲವರ ಪಾಲಿಗೆ ಅಪಾಯಕಾರಿ ಕೂಡ. ಆ ಪುಡಿಯನ್ನು ಮಗಳಿಗೆ ನೀವಾಗಿಯೇ ಕೊಡಬೇಡಿ. ಇಷ್ಟನ್ನು ಮೊದಲೇ ಹೇಳಿ, ಹೀಗೇಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಪರಿಚಯದವರ ಮಾತಿನಲ್ಲಿ ಅರ್ಧ ಸತ್ಯವಿದೆ ಮತ್ತು ಆ ಅರ್ಧ ಸತ್ಯ ಎಲ್ಲಿಂದ ಬಂತು ಎಂದು ತಿಳಿದರೆ ಉಳಿದರ್ಧವನ್ನು ಬಿಡುವುದು ಸುಲಭವಾಗುತ್ತದೆ.

ಹೆಸರಿನಲ್ಲಿ ವಿಟಮಿನ್ ಎಂದಿದ್ದರೂ ಇದು ನಡೆದುಕೊಳ್ಳುವುದು ಹಾರ್ಮೋನಿನಂತೆ. ಬಿಸಿಲಿನಲ್ಲಿರುವ ಅತಿನೇರಳೆ ಬಿ ಕಿರಣಗಳು ಚರ್ಮದಲ್ಲಿರುವ, ಕೊಲೆಸ್ಟರಾಲಿಗೆ ಹತ್ತಿರದ ಒಂದು ವಸ್ತುವಿನ ಮೇಲೆ ಬಿದ್ದಾಗ ವಿಟಮಿನ್ ಡಿ3 ತಯಾರಾಗುತ್ತದೆ. ಅದು ಯಕೃತ್ತಿಗೆ ಹೋಗಿ ಮೊದಲ ಸಲ ಮಾರ್ಪಾಡಾಗುತ್ತದೆ. ನಿಮ್ಮ ವರದಿಯಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ಎಂದು ಅಳೆದಿರುವುದು ಈ ಸಂಗ್ರಹ ರೂಪವನ್ನೇ. ಇದು ಮೂತ್ರಪಿಂಡದಲ್ಲಿ ಮತ್ತೊಮ್ಮೆ ಮಾರ್ಪಟ್ಟು ಕ್ಯಾಲ್ಸಿಟ್ರಿಯಾಲ್ ಎಂಬ ಕ್ರಿಯಾಶೀಲ ರೂಪ ಪಡೆಯುತ್ತದೆ, ಕರುಳಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳುವಂತೆ ಮಾಡುತ್ತದೆ. ಮೂಳೆಗೂ ವಿಟಮಿನ್ ಡಿಗೂ ಇರುವ ಈ ಸಂಬಂಧವನ್ನು ನಾವೆಲ್ಲ ಶಾಲೆಯಲ್ಲೇ ಕಲಿತಿದ್ದೇವೆ.

ರೋಗನಿರೋಧಕ ಶಕ್ತಿಯ ಮಾತು ಹುಟ್ಟಿದ್ದು ಇನ್ನೊಂದು ಜಾಗದಲ್ಲಿ. ನಮ್ಮ ಶ್ವಾಸಕೋಶ ಮತ್ತು ಗಂಟಲಿನ ಪೊರೆಗಳಲ್ಲಿ ಮ್ಯಾಕ್ರೊಫೇಜ್ ಎಂಬ ಕೋಶಗಳು ಸದಾ ಕಾವಲಿರುತ್ತವೆ. ಅವುಗಳ ಮೇಲ್ಮೈಯಲ್ಲಿ ರೋಗಾಣುವಿನ ಗುರುತು ಹಿಡಿಯುವ ಗ್ರಾಹಕಗಳಿವೆ. ಕ್ಷಯದ ಬ್ಯಾಕ್ಟೀರಿಯಾದ ತುಣುಕೊಂದು ಅಂಥ ಗ್ರಾಹಕಕ್ಕೆ ತಾಗಿದರೆ, ಆ ಕೋಶ ಮೂತ್ರಪಿಂಡದ ನೆರವಿಗೆ ಕಾಯದೆ, ರಕ್ತದಲ್ಲಿ ಹರಿಯುತ್ತಿರುವ ಸಂಗ್ರಹ ರೂಪವನ್ನು ಒಳಗೆ ಸೆಳೆದುಕೊಂಡು ತನ್ನಲ್ಲೇ ಕ್ಯಾಲ್ಸಿಟ್ರಿಯಾಲ್ ಮಾಡಿಕೊಳ್ಳುತ್ತದೆ. ಆ ಕ್ಯಾಲ್ಸಿಟ್ರಿಯಾಲ್ ಕೋಶಕೇಂದ್ರದಲ್ಲಿ ಒಂದು ಜೀನನ್ನು ಎಚ್ಚರಿಸುತ್ತದೆ, ಕ್ಯಾಥೆಲಿಸಿಡಿನ್ ಎಂಬ ಚಿಕ್ಕ ಪ್ರೋಟೀನ್ ಉತ್ಪತ್ತಿಯಾಗುತ್ತದೆ, ಅದು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸೀಳುತ್ತದೆ. 2006ರಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸಿನ ವಿಜ್ಞಾನಿಗಳ ತಂಡ ಇದನ್ನು ಹಂತ ಹಂತವಾಗಿ ತೋರಿಸಿತು. ವಿಟಮಿನ್ ಡಿ ಮಟ್ಟ ಕಡಿಮೆಯಿದ್ದ ಕಪ್ಪು ಚರ್ಮದ ಅಮೆರಿಕನ್ನರ ರಕ್ತದ್ರವದಲ್ಲಿ ಇದೇ ಕೋಶಗಳನ್ನಿಟ್ಟಾಗ ಕ್ಯಾಥೆಲಿಸಿಡಿನ್ ಸರಿಯಾಗಿ ಉತ್ಪತ್ತಿಯಾಗಲಿಲ್ಲ, ಅದೇ ದ್ರವಕ್ಕೆ ವಿಟಮಿನ್ ಡಿ ಬೆರೆಸಿದಾಗ ಉತ್ಪತ್ತಿಯಾಯಿತು. ಶ್ವಾಸನಾಳದ ಒಳಪದರದ ಕೋಶಗಳೂ ಹೀಗೆ ತಮ್ಮಲ್ಲೇ ಕ್ರಿಯಾಶೀಲ ರೂಪವನ್ನು ಮಾಡಿಕೊಳ್ಳಬಲ್ಲವು ಎಂಬುದು ನಂತರ ತಿಳಿಯಿತು.

ಇದು ಪ್ರಯೋಗಾಲಯದ ತಟ್ಟೆಯಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆಯಲ್ಲಿ ಮ್ಯಾಕ್ರೊಫೇಜುಗಳು ಗುಂಪುಗೂಡಿ ಗಂಟುಗಳಾಗುತ್ತವೆ. ಆ ಗಂಟುಗಳು ಎಷ್ಟು ಕ್ಯಾಲ್ಸಿಟ್ರಿಯಾಲ್ ಸುರಿಸಬಲ್ಲವೆಂದರೆ ರೋಗಿ ಬಿಸಿಲಿಗೆ ಹೆಚ್ಚು ಮೈಯೊಡ್ಡಿದರೂ ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ರಕ್ಷಣಾ ಕೋಶಗಳು ವಿಟಮಿನ್ ಡಿಯನ್ನು ತಾವೇ ಬಳಸುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಹಾಗಿದ್ದರೆ ವಿಟಮಿನ್ ಡಿ ಹೆಚ್ಚಿದಷ್ಟೂ ರೋಗನಿರೋಧಕ ಶಕ್ತಿ ಹೆಚ್ಚುತ್ತದೆಯೇ? ಇಲ್ಲ. ಇದೇ ಕ್ಯಾಲ್ಸಿಟ್ರಿಯಾಲ್, ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಆರ್ಭಟವನ್ನು ತಗ್ಗಿಸುತ್ತದೆ, ಉರಿಯೂತ ಹೆಚ್ಚಿಸುವ ಸಂಕೇತಗಳನ್ನು ಕಡಿಮೆ ಮಾಡುತ್ತದೆ, ನಿಯಂತ್ರಕ ಕೋಶಗಳಿಗೆ ಬಲ ಕೊಡುತ್ತದೆ. ಮೊದಲ ಸಾಲಿನ ರಕ್ಷಣೆಯನ್ನು ಚುರುಕುಗೊಳಿಸಿ ಎರಡನೆಯ ಸಾಲಿನ ಅತಿರೇಕವನ್ನು ಹಿಡಿತದಲ್ಲಿಡುವುದು ಅದರ ಕೆಲಸ. ಇಲ್ಲಿ ನೆಗಡಿಯ ಒಂದು ಗುಣವನ್ನೂ ನೆನಪಿನಲ್ಲಿಡಬೇಕು. ಮೂಗು ಸೋರುವುದು, ಕಟ್ಟಿಕೊಳ್ಳುವುದು, ಗಂಟಲು ಕೆರೆಯುವುದು, ಮೈ ಭಾರವಾಗುವುದು ಇವೆಲ್ಲ ಬಹುಪಾಲು ನಮ್ಮದೇ ರಕ್ಷಣಾ ವ್ಯವಸ್ಥೆಯ ಪ್ರತಿಕ್ರಿಯೆ. ನೆಗಡಿಯ ಮುಖ್ಯ ಕಾರಣವಾದ ರೈನೋವೈರಸ್ ಮೂಗಿನ ಪೊರೆಯನ್ನು ಹಾಳುಮಾಡುವುದು ಅಲ್ಪ. ಆದ್ದರಿಂದ ಇಮ್ಯುನಿಟಿ ಏರಿಸಿದರೆ ನೆಗಡಿ ಇಳಿಯುತ್ತದೆ ಎಂಬ ಲೆಕ್ಕ ಆರಂಭದಲ್ಲೇ ತಪ್ಪುತ್ತದೆ.

ಆದರೂ ಜನ, ವೈದ್ಯರೂ ಸೇರಿದಂತೆ, ಇದನ್ನು ನಂಬಿದ್ದಕ್ಕೆ ಬಲವಾದ ಕಾರಣಗಳಿದ್ದವು. 19ನೇ ಶತಮಾನದಲ್ಲೇ ಯುರೋಪಿನಲ್ಲಿ ಕ್ಷಯರೋಗಿಗಳಿಗೆ, ವಿಟಮಿನ್ ಡಿ ಹೇರಳವಾಗಿರುವ ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕುಡಿಸುತ್ತಿದ್ದರು. ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಚಿಕ್ಕ ಮಕ್ಕಳಲ್ಲಿ ರಿಕೆಟ್ಸ್ (ವಿಟಮಿನ್ ಡಿ ಕೊರತೆಯಿಂದ ಮಕ್ಕಳ ಮೂಳೆ ಮೆತ್ತಗಾಗುವ ಕಾಯಿಲೆ) ಇತರ ಮಕ್ಕಳಿಗಿಂತ ಸುಮಾರು 13 ಪಟ್ಟು ಹೆಚ್ಚು ಕಂಡುಬಂತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಸುಮಾರು 19,000 ಜನರ ಮಾಹಿತಿಯನ್ನು ವಿಶ್ಲೇಷಿಸಿ 2009ರಲ್ಲಿ ಪ್ರಕಟಿಸಿದಾಗ, ವಿಟಮಿನ್ ಡಿ 10 ನ್ಯಾನೊಗ್ರಾಂಗಿಂತ ಕಡಿಮೆ ಇದ್ದವರಲ್ಲಿ ಶೇ. 24ರಷ್ಟು ಜನ ತಮಗೆ ಇತ್ತೀಚೆಗೆ ನೆಗಡಿಯಂಥ ಸೋಂಕು ಬಂದಿತ್ತು ಎಂದಿದ್ದರೆ, 30 ಅಥವಾ ಹೆಚ್ಚು ಇದ್ದವರಲ್ಲಿ ಹಾಗೆ ಹೇಳಿದವರು ಶೇ. 17.

ಇಂಥ ಅಂಕಿ ನೋಡಿದಾಗ ವಿಟಮಿನ್ ಕೊಟ್ಟರೆ ನೆಗಡಿ ಕಡಿಮೆಯಾಗುತ್ತದೆ ಎನಿಸುವುದು ಸಹಜ. ಆದರೆ ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಹೊರಗೆ ಓಡಾಡುವ, ಆಟವಾಡುವ, ಗಟ್ಟಿಮುಟ್ಟಾಗಿರುವ ವ್ಯಕ್ತಿಗೆ ಬಿಸಿಲೂ ಹೆಚ್ಚು, ವಿಟಮಿನ್ ಡಿಯೂ ಹೆಚ್ಚು, ಕಾಯಿಲೆಯೂ ಕಡಿಮೆ. ದೀರ್ಘ ಕಾಯಿಲೆಯಿಂದ ಮನೆಯೊಳಗೇ ಇರುವವರಿಗೆ ಇದೆಲ್ಲ ತಿರುಗುಮುರುಗು. ಸಾಲದ್ದಕ್ಕೆ, ದೇಹದಲ್ಲಿ ತೀವ್ರ ಉರಿಯೂತ ಉಂಟಾದಾಗ ರಕ್ತದ ವಿಟಮಿನ್ ಡಿ ಮಟ್ಟ ತಾನೇ ಕುಸಿಯುತ್ತದೆ. ಮೊಣಕಾಲಿನ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲೇ ಈ ಕುಸಿತವನ್ನು ಅಳೆದು ತೋರಿಸಿದ್ದಾರೆ. ಅಂದರೆ ಕೆಲವರಲ್ಲಿ ಕೊರತೆಯಿಂದ ಕಾಯಿಲೆ ಬಂದಿರುವುದಿಲ್ಲ, ಕಾಯಿಲೆಯಿಂದ ಕೊರತೆ ಕಂಡಿರುತ್ತದೆ. ಜ್ವರ, ನ್ಯುಮೋನಿಯಾ ಇರುವಾಗಲೇ ಈ ಪರೀಕ್ಷೆ ಮಾಡಿಸಿ ಅದರ ಅಂಕಿಯನ್ನು ಹಿಡಿದು ಗಾಬರಿಯಾಗುವುದು ಬೇಡ ಎನ್ನುವುದು ಇದೇ ಕಾರಣಕ್ಕೆ.

ಗೊಂದಲ ಬಿಡಿಸಲು ಇರುವ ದಾರಿ ಒಂದೇ. ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ವಿಟಮಿನ್, ಇನ್ನೊಂದಕ್ಕೆ ಅದರಂತೆಯೇ ಕಾಣುವ ಖಾಲಿ ಮಾತ್ರೆ ಕೊಟ್ಟು ಕಾಯಬೇಕು. ಅಂಥ ಪ್ರಯೋಗಗಳಲ್ಲಿ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರಿನ ಕಠಿಣ ಚಳಿಗಾಲದಲ್ಲಿ 247 ಶಾಲಾ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಆ ಮಕ್ಕಳ ವಿಟಮಿನ್ ಡಿ ಮಟ್ಟ ಕೇವಲ 7ರ ಆಸುಪಾಸು. ಕೆಲವರಿಗೆ ದಿನಕ್ಕೆ 300 ಯೂನಿಟ್ ಬೆರೆಸಿದ ಹಾಲು, ಉಳಿದವರಿಗೆ ಸಾದಾ ಹಾಲು ಕೊಟ್ಟರು. ವಿಟಮಿನ್ ಬೆರೆಸಿದ ಹಾಲು ಕುಡಿದ ಮಕ್ಕಳಲ್ಲಿ ಉಸಿರಾಟದ ಸೋಂಕುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಇದು 2012ರಲ್ಲಿ ಪ್ರಕಟವಾಯಿತು. ಅದೇ ವರ್ಷ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಿಂದ ಇನ್ನೊಂದು ವರದಿ ಬಂತು. ಅಲ್ಲಿ 322 ಆರೋಗ್ಯವಂತ ವಯಸ್ಕರು, ಹೆಚ್ಚಿನವರ ವಿಟಮಿನ್ ಡಿ ಮಟ್ಟ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು. ಅವರಲ್ಲಿ ಅರ್ಧದಷ್ಟು ಜನರಿಗೆ ಮೊದಲೆರಡು ತಿಂಗಳು 2,00,000 ಯೂನಿಟ್, ಆಮೇಲೆ ತಿಂಗಳಿಗೆ 1,00,000 ಯೂನಿಟ್‌ನಂತೆ ಒಟ್ಟು 18 ತಿಂಗಳು ಕೊಟ್ಟರು. ಫಲಿತಾಂಶ: ವಿಟಮಿನ್ ಪಡೆದವರಿಗೆ ತಲಾ 3.7 ನೆಗಡಿ, ಪಡೆಯದವರಿಗೆ 3.8. ಎಷ್ಟು ದಿನ ನರಳಿದರು, ಎಷ್ಟು ದಿನ ಕೆಲಸಕ್ಕೆ ರಜೆ ಹಾಕಿದರು ಎಂಬುದರಲ್ಲೂ ವ್ಯತ್ಯಾಸವಿರಲಿಲ್ಲ.

ಉಪ್ಪಿಲ್ಲದ ಸಾರಿಗೆ ಒಂದು ಚಿಟಿಕೆ ಉಪ್ಪು ಬಿದ್ದರೆ ರುಚಿ ಬರುತ್ತದೆ, ಸರಿಯಾಗಿರುವ ಸಾರಿಗೆ ಒಂದು ಹಿಡಿ ಸುರಿದರೆ ಬರುವುದಿಲ್ಲ. ಮೇಲಿನ ಎರಡು ಪ್ರಯೋಗಗಳಿಂದ ಸಂಶೋಧಕರು ಕಲಿತದ್ದು ಇಂಥದ್ದೇ ಪಾಠವನ್ನು, ಮತ್ತು ಕೆಲವು ವರ್ಷಗಳ ಕಾಲ ದೊಡ್ಡ ವಿಶ್ಲೇಷಣೆಗಳೂ ಅದನ್ನೇ ಹೇಳಿದವು. 2017ರಲ್ಲಿ 25 ಪ್ರಯೋಗಗಳ ಸುಮಾರು 11,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ವಿಟಮಿನ್ ಡಿ ಪಡೆದವರಲ್ಲಿ ಉಸಿರಾಟದ ಸೋಂಕಿನ ಸಂಭವ ಸ್ವಲ್ಪ ಕಡಿಮೆ ಇತ್ತು. ಪ್ರತಿದಿನ ಅಥವಾ ಪ್ರತಿವಾರ ಪಡೆದವರಲ್ಲಿ, ಅದರಲ್ಲೂ ಆರಂಭದ ಮಟ್ಟ 10 ನ್ಯಾನೊಗ್ರಾಂಗಿಂತ ಕೆಳಗಿದ್ದವರಲ್ಲಿ, ಲಾಭ ಗಣನೀಯವಾಗಿತ್ತು. ಇಮ್ಯುನಿಟಿ ಹೆಸರಿನಲ್ಲಿ ವಿಟಮಿನ್ ಡಿ ಮಾರಾಟ ಜೋರಾದಾಗ ಅದರ ಬೆನ್ನಿಗೆ ನಿಂತ ಮುಖ್ಯ ಅಧ್ಯಯನ ಇದೇ, ಆದ್ದರಿಂದ ಮುಂದೆ ಏನಾಯಿತು ಎಂಬುದನ್ನೂ ನೀವು ತಿಳಿಯಬೇಕು. ಅದೇ ಸಂಶೋಧಕರ ಬಳಗ 2021ರಲ್ಲಿ 43 ಪ್ರಯೋಗಗಳ, 48,000ಕ್ಕೂ ಹೆಚ್ಚು ಜನರ ಮಾಹಿತಿಯೊಂದಿಗೆ ಲೆಕ್ಕವನ್ನು ಮತ್ತೆ ಮಾಡಿತು. ಆಗ ಒಂದಾದರೂ ಸೋಂಕು ಬಂದವರ ಪ್ರಮಾಣ ವಿಟಮಿನ್ ಗುಂಪಿನಲ್ಲಿ ಶೇ. 61.3, ಖಾಲಿ ಮಾತ್ರೆಯ ಗುಂಪಿನಲ್ಲಿ ಶೇ. 62.3. ದಿನಕ್ಕೆ 400ರಿಂದ 1,000 ಯೂನಿಟ್ ಪಡೆದವರಲ್ಲಿ ಮತ್ತು ಮಕ್ಕಳಲ್ಲಿ ಮಾತ್ರ ಸ್ವಲ್ಪ ಹೆಚ್ಚಿನ ಲಾಭ ಕಂಡಿತು. 2025ರಲ್ಲಿ ಹೊಸ ಪ್ರಯೋಗಗಳನ್ನು ಸೇರಿಸಿ 46 ಪ್ರಯೋಗಗಳೊಂದಿಗೆ ಮೂರನೆಯ ಸಲ ಲೆಕ್ಕ ಹಾಕಿದಾಗ ಅದೂ ಕರಗಿತು. ಒಟ್ಟಾರೆ ಪರಿಣಾಮ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ನಿಲ್ಲಲಿಲ್ಲ. ವಯಸ್ಸು, ಆರಂಭದ ಮಟ್ಟ, ಕೊಟ್ಟ ಪ್ರಮಾಣ, ಕೊಟ್ಟ ಬಗೆ ಯಾವುದರಿಂದ ವಿಂಗಡಿಸಿ ನೋಡಿದರೂ ಇಂಥವರಿಗೆ ಖಂಡಿತ ಲಾಭ ಎಂದು ಬೆರಳು ಮಾಡಿ ತೋರಿಸಲು ಆಗಲಿಲ್ಲ.

ತಮ್ಮ ಮೊದಲ ತೀರ್ಮಾನವನ್ನು ಮೆದುಗೊಳಿಸುವ ಫಲಿತಾಂಶವನ್ನು ಅದೇ ಬಳಗ ಮುಚ್ಚಿಡದೆ ಪ್ರಕಟಿಸಿದ್ದು ನನಗೆ ಬಹಳ ಗೌರವದ ಸಂಗತಿ. ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ: ತೀರಾ ಕಡಿಮೆ ಮಟ್ಟ ಇರುವವರಿಗೆ ಸಣ್ಣ ಪ್ರಮಾಣದಲ್ಲಿ ನಿತ್ಯ ಕೊಟ್ಟರೆ ಒಂದಿಷ್ಟು ಲಾಭವಾಗುವ ಸಾಧ್ಯತೆ ಪೂರ್ತಿ ಮುಚ್ಚಿಹೋಗಿಲ್ಲ, ಏಕೆಂದರೆ ಬಹುಪಾಲು ದೊಡ್ಡ ಪ್ರಯೋಗಗಳಲ್ಲಿ ಭಾಗವಹಿಸಿದವರಿಗೆ ಅಂಥ ಕೊರತೆಯೇ ಇರಲಿಲ್ಲ. ಆದರೆ ಆ ಲಾಭ ಇದ್ದರೂ ಬಹಳ ಚಿಕ್ಕದು. ವರ್ಷಕ್ಕೆ ಐದು ಸಲ ಬರುವ ನೆಗಡಿ ಒಂದಕ್ಕೆ ಇಳಿಯುವಷ್ಟು ಎಂದೂ ಅಲ್ಲ.

ಕೋವಿಡ್ ಕಾಲದ ಪ್ರಯೋಗಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ 6,200 ವಯಸ್ಕರಲ್ಲಿ, ಮಟ್ಟವನ್ನು ಪರೀಕ್ಷಿಸಿ ಕಡಿಮೆ ಇದ್ದವರಿಗೆ ದಿನಕ್ಕೆ 800 ಅಥವಾ 3,200 ಯೂನಿಟ್ ಕೊಡುವ ಕ್ರಮವನ್ನು ಪರೀಕ್ಷಿಸಿದರು. ನಾರ್ವೆಯಲ್ಲಿ ಸುಮಾರು 34,700 ಜನರ ಪ್ರಯೋಗದಲ್ಲಿ ದಿನಕ್ಕೊಂದು ಚಮಚ ಕಾಡ್ ಲಿವರ್ ಎಣ್ಣೆ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಈ ಎರಡರಲ್ಲೂ ಕೋವಿಡ್ ಆಗಲಿ, ಇತರ ಉಸಿರಾಟದ ಸೋಂಕುಗಳಾಗಲಿ ಕಡಿಮೆಯಾಗಲಿಲ್ಲ.

ಒಮ್ಮೆಗೇ ಸುರಿಯುವ ದೊಡ್ಡ ಪ್ರಮಾಣದ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮ ದೇಶದಲ್ಲಿ ಅದೇ ರೂಢಿ. ನುಂಗಿದ ವಿಟಮಿನ್ ಡಿ3 ರಕ್ತದಲ್ಲಿ ಅದೇ ರೂಪದಲ್ಲಿ ಉಳಿಯುವುದು ಹೆಚ್ಚುಕಡಿಮೆ ಒಂದು ದಿನ. ಯಕೃತ್ತು ಮಾಡಿಕೊಟ್ಟ ಸಂಗ್ರಹ ರೂಪ ಎರಡು ಮೂರು ವಾರ ಇರುತ್ತದೆ. ದೊಡ್ಡ ಪ್ರಮಾಣ ಒಮ್ಮೆಗೇ ಬಂದಾಗ ದೇಹ ಅದನ್ನು ಅತಿ ಎಂದು ಪರಿಗಣಿಸಿ, ವಿಟಮಿನ್ ಡಿಯನ್ನು ಒಡೆದುಹಾಕುವ ಕಿಣ್ವವನ್ನು ಹೆಚ್ಚಿಸುತ್ತದೆ. ಮೂಳೆಯಿಂದ ಹೊರಡುವ ಇನ್ನೊಂದು ಹಾರ್ಮೋನ್ ಕ್ರಿಯಾಶೀಲ ರೂಪದ ಉತ್ಪಾದನೆಯನ್ನೇ ತಗ್ಗಿಸುತ್ತದೆ. ಕಾಬೂಲಿನಲ್ಲಿ ಸುಮಾರು 3,000 ಹಸುಳೆಗಳಿಗೆ ಮೂರು ತಿಂಗಳಿಗೊಮ್ಮೆ 1,00,000 ಯೂನಿಟ್ ಕೊಟ್ಟ ಪ್ರಯೋಗದಲ್ಲಿ ಮೊದಲ ಸಲದ ನ್ಯುಮೋನಿಯಾ ಕಡಿಮೆಯಾಗಲಿಲ್ಲ, ಮರುಕಳಿಸಿದ ನ್ಯುಮೋನಿಯಾ ಪ್ರಕರಣಗಳು ವಿಟಮಿನ್ ಪಡೆದ ಮಕ್ಕಳಲ್ಲೇ ಹೆಚ್ಚು ಕಂಡವು. ವಾರಕ್ಕೊಮ್ಮೆ 60,000 ಯೂನಿಟ್ ಎಂಟು ವಾರ ಕೊಡುವುದು ಕೊರತೆಯನ್ನು ಬೇಗ ನೀಗಿಸಲು ಒಪ್ಪಿತವಾದ ಕ್ರಮ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದು ಚಿಕಿತ್ಸೆ, ವರ್ಷವಿಡೀ ನಡೆಸುವ ಅಭ್ಯಾಸವಲ್ಲ.

ನಿಮ್ಮ 11ರ ಅರ್ಥವೇನು? 20 ನ್ಯಾನೊಗ್ರಾಂ ಇದ್ದರೆ ಹೆಚ್ಚುಕಡಿಮೆ ಎಲ್ಲರ ಮೂಳೆಗೂ ಸಾಕು ಎಂಬುದು ವ್ಯಾಪಕವಾಗಿ ಒಪ್ಪಿತವಾದ ಅಳತೆ. 12ಕ್ಕಿಂತ ಕೆಳಗಿದ್ದರೆ ಖಚಿತ ಕೊರತೆ. ಅನೇಕ ಪ್ರಯೋಗಾಲಯಗಳು 30ಕ್ಕಿಂತ ಕಡಿಮೆ ಇರುವ ಎಲ್ಲವನ್ನೂ ದಪ್ಪಕ್ಷರದಲ್ಲಿ ಮುದ್ರಿಸುವುದರಿಂದ 24 ಬಂದವರೂ ಹೆದರಿ ವೈದ್ಯರ ಬಳಿ ಓಡುತ್ತಾರೆ, ಅವರಿಗೆ ಆ ಹೆದರಿಕೆಯ ಅಗತ್ಯವಿಲ್ಲ. ನಿಮಗೆ ಚಿಕಿತ್ಸೆ ಅಗತ್ಯ. ಈ ಮಟ್ಟದ ಕೊರತೆ ಬಹಳ ಕಾಲ ಮುಂದುವರಿದರೆ ಸೊಂಟ, ತೊಡೆ, ಪಕ್ಕೆಲುಬುಗಳಲ್ಲಿ ಮಂದ ನೋವು, ಕೂತಲ್ಲಿಂದ ಏಳುವಾಗ ಮತ್ತು ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯುಗಳಲ್ಲಿ ಸೋಲು, ಕೊನೆಗೆ ಮೂಳೆ ಮೆತ್ತಗಾಗುವ ಕಾಯಿಲೆ ಬರಬಹುದು. ಪುಡಿಯನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳದೆ, ಊಟವಾದ ಮೇಲೆ ಕೆನೆ ಇರುವ ಹಾಲಿನಲ್ಲಿ ಬೆರೆಸಿ ಕುಡಿಯಿರಿ, ಜಿಡ್ಡಿನೊಂದಿಗೆ ಅದು ಚೆನ್ನಾಗಿ ಹೀರಲ್ಪಡುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ವಿಟಮಿನ್ ಡಿ ಒಂದರಿಂದ ಮೂಳೆ ಗಟ್ಟಿಯಾಗದು. ಹಾಲು, ಮೊಸರು, ಸೊಪ್ಪು ಮತ್ತು ರಾಗಿ ಇದನ್ನು ಒದಗಿಸುತ್ತವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಆದರೆ ವಿಟಮಿನ್ ಡಿ ಇಲ್ಲ.

ಎಂಟು ವಾರಗಳ ನಂತರ ವೈದ್ಯರನ್ನು ಕೇಳಿ ದಿನನಿತ್ಯದ ಸಣ್ಣ ಪ್ರಮಾಣಕ್ಕೆ ಬದಲಾಯಿಸಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿರುವುದು ದಿನಕ್ಕೆ 600 ಯೂನಿಟ್. 1,000 ಯೂನಿಟ್‌ನ ಮಾತ್ರೆ ಎಲ್ಲ ಔಷಧಿ ಅಂಗಡಿಗಳಲ್ಲೂ ಸಿಗುತ್ತದೆ. ವೈದ್ಯರ ನಿಗಾ ಇಲ್ಲದೆ ದಿನಕ್ಕೆ 4,000 ಯೂನಿಟ್ ದಾಟಬಾರದು ಎಂಬ ಮಿತಿಯಿದೆ. ವಾರಕ್ಕೆ 60,000 ಎಂದರೆ ದಿನಕ್ಕೆ 8,500ಕ್ಕೂ ಹೆಚ್ಚು, ಅಂದರೆ ಆ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ.

ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು ನಾನು ಮರೆಮಾಚದೆ ಬರೆಯಬೇಕು, ಏಕೆಂದರೆ ವಿಟಮಿನ್ ತಾನೇ, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ವಿಟಮಿನ್ ಸಿ ಹಾಗೆ ಹೋಗುತ್ತದೆ. ವಿಟಮಿನ್ ಡಿ ಕೊಬ್ಬಿನಲ್ಲಿ ಕೂಡಿಡಲ್ಪಡುತ್ತದೆ, ತಿಂಗಳುಗಟ್ಟಲೆ ಉಳಿಯುತ್ತದೆ. ಮಂಡಿನೋವಿಗೆಂದು 6,00,000 ಯೂನಿಟ್‌ನ ಇಂಜೆಕ್ಷನನ್ನು ಮೇಲಿಂದ ಮೇಲೆ ಹಾಕಿಸಿಕೊಂಡು, ಜೊತೆಗೆ ಪುಡಿಯನ್ನೂ ನುಂಗಿದ ಹಿರಿಯರು ಆಸ್ಪತ್ರೆಗೆ ಬರುವುದು ಹೀಗೆ: ಊಟ ಸೇರುವುದಿಲ್ಲ, ವಾಂತಿ ನಿಲ್ಲುವುದಿಲ್ಲ, ಮಲಬದ್ಧತೆ, ಪದೇ ಪದೇ ಮೂತ್ರ, ತೀರದ ಬಾಯಾರಿಕೆ, ಮಾತು ತೊದಲು, ಮನೆಯವರ ಗುರುತೂ ಮಸುಕು. ಮನೆಯವರು ಮರೆವಿನ ಕಾಯಿಲೆಯೋ ಪಾರ್ಶ್ವವಾಯುವೋ ಎಂದು ಹೆದರಿರುತ್ತಾರೆ. ರಕ್ತ ಪರೀಕ್ಷೆ ಮಾಡಿದರೆ ಕ್ಯಾಲ್ಸಿಯಂ ವಿಪರೀತ ಏರಿರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರುತ್ತದೆ. ವಿಟಮಿನ್ ಡಿ ಮಟ್ಟ ಸಾಮಾನ್ಯವಾಗಿ 150 ನ್ಯಾನೊಗ್ರಾಂ ದಾಟಿರುತ್ತದೆ. ಕಿಡ್ನಿಯಲ್ಲಿ ಕಲ್ಲಿದ್ದವರು, ಕ್ಷಯ ಅಥವಾ ಸಾರ್ಕಾಯ್ಡೋಸಿಸ್ ಇರುವವರು ಸಾಧಾರಣ ಪ್ರಮಾಣವನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಬಿಸಿಲು ಬೇಕು ಎನ್ನುವುದರಲ್ಲಿ ಅವರು ಹೇಳುವುದು ಸರಿ, ಹೊತ್ತು ಮಾತ್ರ ಬೇರೆ. ಎಣ್ಣೆ ಹಚ್ಚಿ ಮಗುವನ್ನು ಎಳೆ ಬಿಸಿಲಿಗೆ ಮಲಗಿಸುವ ರೂಢಿ ನಮ್ಮಲ್ಲಿ ಮನೆಮನೆಯಲ್ಲಿದೆ. ಆ ಹೊತ್ತಿನಲ್ಲಿ ಸೂರ್ಯ ಕೆಳಗಿರುವುದರಿಂದ ಕಿರಣಗಳು ವಾತಾವರಣವನ್ನು ಓರೆಯಾಗಿ, ಬಹಳ ದೂರ ಹಾದು ಬರುತ್ತವೆ. ವಿಟಮಿನ್ ಮಾಡುವ ಅತಿನೇರಳೆ ಬಿ ಭಾಗ ದಾರಿಯಲ್ಲೇ ಸೋಸಿಹೋಗಿರುತ್ತದೆ. ಬೆಂಗಳೂರಿನ ಅಕ್ಷಾಂಶಕ್ಕೆ ತೀರಾ ಹತ್ತಿರವಿರುವ ತಿರುಪತಿಯಲ್ಲಿ, ಚರ್ಮದಲ್ಲಿರುವ ಅದೇ ವಸ್ತುವನ್ನು ಅತಿನೇರಳೆ ಬಿ ಕಿರಣಗಳು ಹಾದುಹೋಗುವಂಥ ಪುಟ್ಟ ಶೀಶೆಗಳಲ್ಲಿ ತುಂಬಿ ದಿನದ ಬೇರೆ ಬೇರೆ ಹೊತ್ತಿನಲ್ಲಿ ಬಿಸಿಲಿಗಿಟ್ಟು ಅಳೆದಿದ್ದಾರೆ. ವರ್ಷವಿಡೀ ಹೆಚ್ಚಿನ ಉತ್ಪತ್ತಿ ಕಂಡದ್ದು ಬೆಳಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತು ಎಂದು ನೆನಪಿಟ್ಟುಕೊಂಡರೆ ಗಡಿಯಾರ ನೋಡಬೇಕಿಲ್ಲ. ಮುಖ, ಕೈ, ತೋಳುಗಳಿಗೆ ಬಿಸಿಲು ತಾಗುವಂತೆ ವಾರದಲ್ಲಿ ಮೂರು ನಾಲ್ಕು ದಿನ ಇಪ್ಪತ್ತು ಮೂವತ್ತು ನಿಮಿಷ ಓಡಾಡಬಹುದು. ಚರ್ಮ ಕಪ್ಪಾದಷ್ಟೂ ಹೆಚ್ಚು ಹೊತ್ತು ಬೇಕು, ಮೈ ಉರಿಯುವ ತನಕ ನಿಲ್ಲಬಾರದು. ಕಚೇರಿಯ ಕಿಟಕಿಯ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದರೆ ವಿಟಮಿನ್ ಉತ್ಪತ್ತಿಯಾಗದು, ಏಕೆಂದರೆ ಗಾಜು ಅತಿನೇರಳೆ ಬಿ ಕಿರಣಗಳನ್ನು ತಡೆಯುತ್ತದೆ. ಎಳೆ ಬಿಸಿಲಿನಲ್ಲಿ ಕೂರುವುದರಿಂದ ಮನಸ್ಸಿಗೂ ಮೈಗೂ ಹಿತವಾಗುತ್ತದೆ, ಅತ್ತೆಯವರು ಅದನ್ನು ಬಿಡಬೇಕಾಗಿಲ್ಲ. 11ರಲ್ಲಿರುವ ನೀವು ಮಾತ್ರ ಬಿಸಿಲೊಂದನ್ನೇ ನೆಚ್ಚಿ ಚಿಕಿತ್ಸೆ ಬಿಡಬೇಡಿ.

ಆಹಾರದಿಂದ ಸಿಗುವುದು ಕಡಿಮೆ. ಕರಾವಳಿಯವರು ತಿನ್ನುವ ಬೂತಾಯಿ, ಬಂಗುಡೆಯಂಥ ಕೊಬ್ಬಿನ ಮೀನುಗಳಲ್ಲಿ ಚೆನ್ನಾಗಿದೆ, ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ ಇದೆ. ಸಸ್ಯಾಹಾರಿಗಳಿಗೆ ಇರುವ ಮುಖ್ಯ ದಾರಿ ವಿಟಮಿನ್ ಬೆರೆಸಿದ ಹಾಲು ಮತ್ತು ಅಡುಗೆ ಎಣ್ಣೆ. ಪೊಟ್ಟಣದ ಮೇಲೆ ನೀಲಿ ಬಣ್ಣದಲ್ಲಿ ಅಧಿಕ ಚಿಹ್ನೆಯ ಜೊತೆ ಎಫ್ ಎಂಬ ಗುರುತು ಇರುತ್ತದೆ. ನಿಯಮದ ಪ್ರಕಾರ ಅಂಥ ಹಾಲಿನ ಒಂದು ಲೀಟರಿನಲ್ಲಿ 200ರಿಂದ 300 ಯೂನಿಟ್ ಇರುತ್ತದೆ, ಆದ್ದರಿಂದ ಒಂದು ಲೋಟದಲ್ಲಿ 40ರಿಂದ 60. ಒಳ್ಳೆಯದೇ, ಆದರೆ ದಿನದ ಅಗತ್ಯದ ಹತ್ತನೆಯ ಒಂದು ಭಾಗ ಅಷ್ಟೇ.

ಮಗಳ ವಿಷಯದಲ್ಲಿ ನೀವು ಕೇಳಿದ್ದು ಒಳ್ಳೆಯದಾಯಿತು. 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ. 18ರಷ್ಟು ಮಕ್ಕಳಿಗೆ ವಿಟಮಿನ್ ಡಿ ಕೊರತೆ ಇತ್ತು, ಹಾಗಾಗಿ ಅವಳಿಗೂ ಇರಬಹುದು, ಇಲ್ಲದೆಯೂ ಇರಬಹುದು. ದಿನಕ್ಕೆ 400ರಿಂದ 600 ಯೂನಿಟ್‌ನ ಹನಿ ಅಥವಾ ಸಿರಪ್ ಕೊಡುವುದು ಸುರಕ್ಷಿತ, ಮೂಳೆಗೆ ಒಳ್ಳೆಯದು. ಹಾರ್ಮೋನ್ ತಜ್ಞರ ಸಂಘವಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ, 1ರಿಂದ 18 ವರ್ಷದವರಿಗೆ ರಿಕೆಟ್ಸ್ ತಡೆಯಲು ಮತ್ತು ಬಹುಶಃ ಉಸಿರಾಟದ ಸೋಂಕು ತಗ್ಗಿಸಲು ವಿಟಮಿನ್ ಡಿ ಕೊಡುವುದನ್ನು ಸೂಚಿಸಿತು, 2025ರ ವಿಶ್ಲೇಷಣೆ ಬಂದದ್ದು ಆಮೇಲೆ. ಹೆಚ್ಚು ಕೊಟ್ಟರೆ ಹೆಚ್ಚು ಲಾಭ ಎಂಬುದಕ್ಕೆ ಮಕ್ಕಳಲ್ಲೂ ಆಧಾರವಿಲ್ಲ. ಕೆನಡಾದ ಟೊರಾಂಟೊದಲ್ಲಿ 1ರಿಂದ 5 ವರ್ಷದ 703 ಮಕ್ಕಳಲ್ಲಿ ದಿನಕ್ಕೆ 2,000 ಮತ್ತು 400 ಯೂನಿಟ್‌ಗಳನ್ನು ಹೋಲಿಸಿದಾಗ ಚಳಿಗಾಲದ ಸೋಂಕುಗಳ ಸಂಖ್ಯೆ ಎರಡೂ ಗುಂಪಿನಲ್ಲಿ ಒಂದೇ ಆಗಿತ್ತು. ಕಾಲು ಬಾಗಿದ್ದರೆ, ಮಣಿಕಟ್ಟು ಊದಿಕೊಂಡಂತೆ ಕಂಡರೆ, ಕಾಲುನೋವು ಎಂದು ಪದೇ ಪದೇ ಹೇಳುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಕೊನೆಯದಾಗಿ ನಿಮ್ಮ ನೆಗಡಿಯ ಲೆಕ್ಕ. ವಯಸ್ಕರಿಗೆ ವರ್ಷಕ್ಕೆ ಎರಡು ಮೂರು ನೆಗಡಿ ಸಾಮಾನ್ಯ, ಶಾಲೆಗೆ ಹೋಗುವ ಮಕ್ಕಳಿಗೆ ಇನ್ನೂ ಹೆಚ್ಚು, ಅಂಥ ಮಗುವಿರುವ ಮನೆಯ ತಂದೆ ತಾಯಿಗೆ ನಾಲ್ಕೈದು ಬಂದರೆ ರೋಗನಿರೋಧಕ ಶಕ್ತಿ ಕುಗ್ಗಿದೆ ಎಂದು ಅರ್ಥವಲ್ಲ. ರೈನೋವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ, ಒಂದರ ವಿರುದ್ಧ ಬಂದ ರಕ್ಷಣೆ ಇನ್ನೊಂದನ್ನು ತಡೆಯುವುದು ಕಡಿಮೆ. ಮಗಳು ಶಾಲೆಯಿಂದ ಬಂದ ಕೂಡಲೇ ಇಬ್ಬರೂ ಸೋಪಿನಿಂದ ಕೈ ತೊಳೆಯುವುದು, ಮನೆಯಲ್ಲಿ ಯಾರಿಗಾದರೂ ಶೀತವಿದ್ದಾಗ ಲೋಟ, ಟವೆಲ್ ಬೇರೆ ಇಡುವುದು, ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳುವುದು ಇವು ವಿಟಮಿನ್ ಪುಡಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಇನ್ನೊಂದನ್ನು ಗಮನಿಸಿ: ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ಕಣ್ಣು ಮೂಗಿನ ತುರಿಕೆ, ನೀರಿನಂಥ ಸೋರಿಕೆ, ಜ್ವರವಿಲ್ಲ, ವಾರಗಟ್ಟಲೆ ಬಿಡುವುದಿಲ್ಲ ಎಂದಾದರೆ ಅದು ನೆಗಡಿಯೇ ಅಲ್ಲದೆ ಅಲರ್ಜಿ ಇರಬಹುದು. ದೂಳಿನ ಹುಳ, ಪಾರ್ಥೇನಿಯಂ ಪರಾಗ ಇವುಗಳಿಂದ ಬೆಂಗಳೂರಿನಲ್ಲಿ ಬಹಳ ಮಂದಿ ಹೀಗೆ ನರಳುತ್ತಾರೆ, ಅದರ ಚಿಕಿತ್ಸೆಯೇ ಬೇರೆ. ನಿಮ್ಮ ಪತ್ರದಲ್ಲಿ "ವಾರಗಟ್ಟಲೆ ಕಾಡುತ್ತದೆ" ಎಂದಿರುವುದರಿಂದ ಕಿವಿ ಮೂಗು ಗಂಟಲು ತಜ್ಞರನ್ನು ಒಮ್ಮೆ ಕಾಣುವುದು ಒಳ್ಳೆಯದು. ಕೆಮ್ಮು ಎರಡು ವಾರ ದಾಟಿದರೆ, ಸಂಜೆ ಜ್ವರ ಬಂದರೆ, ತೂಕ ಇಳಿದರೆ ಕಫ ಪರೀಕ್ಷೆ ಮಾಡಿಸಿ, ತಡಮಾಡಬೇಡಿ. ವಿಟಮಿನ್ ಡಿ ಮರುಪರೀಕ್ಷೆಯನ್ನು ಚಿಕಿತ್ಸೆ ಶುರುವಾಗಿ ಮೂರು ತಿಂಗಳಾದ ಮೇಲೆ, ನೆಗಡಿ ಜ್ವರ ಇಲ್ಲದ ದಿನ ಮಾಡಿಸಿ. ಅಂಕಿ 20 ದಾಟಿದ್ದರೆ ದಿನನಿತ್ಯದ ಸಣ್ಣ ಪ್ರಮಾಣವಷ್ಟೇ ಸಾಕು, ವರ್ಷವರ್ಷವೂ ಆ ಪರೀಕ್ಷೆಗೆ ದುಡ್ಡು ಖರ್ಚು ಮಾಡಬೇಕಿಲ್ಲ.